ಮಾಸ್ತರರ ಹನ್ನೆರಡು ಕಾರ್ಡು

ಮಾಸ್ತರರ ಮಣ್ಣಿಗೆ ಹೋಗುವಾಗಲೂ ನಾನು ಜೀಪಿನವನ ಜೊತೆ ಚೌಕಾಶಿ ಮಾಡಿದೆ. ಆಳಂದದಿಂದ ಮಣ್ಣೂರಿಗೆ ಹೋಗಿಬರಲು ಅವನೊಂದು ರೇಟು ಹೇಳಿದ, ನಾನು ಅದರ ಅರ್ಧ ಹೇಳಿದೆ.

"ಸತ್ತವ್ರ ಮನಿಗಿ ಹೊಂಟೀರಿ ಮಾಲಕ್ರ, ಜರಾ ನಾಚ್ಕೊಳ್ರಿ" ಅಂದ.

"ಸತ್ತವ್ರು ನಮ್ಮ ಮಾಸ್ತರು, ನಿನ್ನ ಇಂಜಿನ್ ಅಲ್ಲಲ್ಲ. ರೇಟ್ ಯಾಕ ಏರಿಸ್ತೀಲೇ?" ಅಂದೆ.

ಕಡೆಗೆ ಮುಕ್ಕಾಲಿಗೆ ಬಂದ. ಬಿಟ್ಟ ಕಾಲು ಭಾಗವನ್ನು ಅಫಜಲಪುರದಲ್ಲಿ ನಾಲ್ಕು ಮಂದಿಯನ್ನೂ ಒಂದು ಆಡನ್ನೂ ಹತ್ತಿಸಿಕೊಂಡು ವಸೂಲು ಮಾಡಿದ. ಆಡು ಭೀಮಾ ನದಿಯ ದಂಡೆಯವರೆಗೆ ನನ್ನ ಹೊಸ ಧೋತರದ ಅಂಚನ್ನು ಮೆಲ್ಲುತ್ತ ಬಂತು. ನಿಮಗೊಂದು ಮಾತು ಹೇಳುತ್ತೇನೆ, ಪುಕ್ಕಟೆ: ಬಾಡಿಗೆ ಗಾಡಿಯವನ ಹತ್ತಿರ ರೇಟು ಹೆಚ್ಚು ಕಡಿಸಬೇಡಿ. ಕಡಿಸಿದ್ದನ್ನು ಅವನು ತಂದು ನಿಮ್ಮ ತೊಡೆಯ ಮೇಲೆಯೇ ಕೂಡಿಸುತ್ತಾನೆ.

ನನ್ನ ಸ್ವಭಾವ ಇಂಥದು. ಮಾಸ್ತರರದು ಇದಕ್ಕೆ ತದ್ವಿರುದ್ಧ. ಅವರು ನನ್ನ ಹತ್ತಿರ ಕೆಲಸ ಮಾಡಿದ ಅಷ್ಟೂ ವರ್ಷ ಒಂದು ಕಟ್ಟು ಮೆಂತ್ಯಪಲ್ಲೆಗೂ ಎರಡನೆಯ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಅಂಥವರನ್ನು ನಾನು ಹೇಗೆ ಇಟ್ಟುಕೊಂಡೆ ಎನ್ನುವುದಕ್ಕಿಂತ, ನನ್ನಂಥವನನ್ನು ಅವರು ಹೇಗೆ ಸಹಿಸಿಕೊಂಡರು ಎನ್ನುವುದೇ ಸೋಜಿಗ.

ಆಗ ಆಳಂದದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತಹಶೀಲ ಕಚೇರಿಯ ಬೇವಿನ ಗಿಡದ ಕೆಳಗೆ ಕುಳಿತು ಅರ್ಜಿ ಬಡಿಯುತ್ತಿದ್ದವನು ನಾನು. ಅಲ್ಲಿಂದೆದ್ದು ಎಂಟು ಟೈಪ್‌ರೈಟರ್, ಆಮೇಲೆ ಮೂರು ಕಂಪ್ಯೂಟರ್ ಮಾಡಿಕೊಂಡಿದ್ದೆ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಆಳಂದ – ಅಫಜಲಪುರ – ಜೇವರ್ಗಿ' ಎಂದಿತ್ತು. ಅಫಜಲಪುರದ ಶಾಖೆಯೆಂದರೆ ನನ್ನ ಹೆಂಡತಿಯ ತಮ್ಮನ ಅರಿವೆ ಅಂಗಡಿಯ ಮೂಲೆಯಲ್ಲಿದ್ದ ಒಂದು ಮೇಜು. ಜೇವರ್ಗಿಯ ಶಾಖೆ ಬೋರ್ಡಿನ ಮೇಲಷ್ಟೇ ಇತ್ತು. ಎರಡು ಊರಿಗೆ ಹೇಳಿದ ರೇಟಿನಲ್ಲಿ ಪೇಂಟರ್ ಮೂರನೆಯದನ್ನು ಪುಕ್ಕಟೆ ಬರೆಯುತ್ತೇನೆ ಅಂದಿದ್ದ, ಬರೆಸಿದೆ.

ಒಂದು ದಿನ ಹಣೆಯ ಮೇಲೆ ವಿಭೂತಿ ಇದ್ದ ತೆಳ್ಳನೆಯ ಮನುಷ್ಯರೊಬ್ಬರು ಸೈಕಲ್ ನಿಲ್ಲಿಸಿ, ಬೋರ್ಡನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿ, ಒಳಗೆ ಬಂದರು.

"ಜೇವರ್ಗಿದಾಗ ನಿಮ್ಮ ಶಾಖಾ ಎಲ್ಲಿ ಅದರಿ?"

"ಮೇನ್ ರೋಡಿಗಿ ಅದರಿ."

"ಮೂವತ್ತ ವರ್ಷ ಅಲ್ಲಿ ಹೈಸ್ಕೂಲಿನಾಗ ಗಣಿತ ಹೇಳೇನಿ. ದಿನಾ ಎರಡ ಸಲ ಅದೇ ರೋಡಿನ ಮ್ಯಾಲ ಸೈಕಲ್ ಹೊಡದೇನಿ."

ನಾನು ಟೈಪ್‌ರೈಟರಿನ ಧೂಳು ಒರೆಸತೊಡಗಿದೆ. ಅವರೇ ಅಂದರು: "ಇರ್ಲಿ ಬಿಡ್ರಿ, ಮುಂದ ಆಗ್ತದ."

ಮಣ್ಣೂರಿನವರು. ನಿವೃತ್ತರಾಗಿ ಆಳಂದದಲ್ಲಿ ಮಗಳ ಮನೆಗೆ ಬಂದಿದ್ದರು. ಟೈಪಿಂಗ್ ಕಲಿಯಬೇಕೆಂದರು. ಆರು ತಿಂಗಳಲ್ಲಿ ಟೈಪಿಂಗೂ ಕಲಿತರು, ಕಂಪ್ಯೂಟರೂ ಕಲಿತರು. ಕಲಿಸುತ್ತಿದ್ದ ಹುಡುಗ ಗುಲ್ಬರ್ಗಾಕ್ಕೆ ಹೋದಾಗ ಅವನ ಜಾಗಕ್ಕೆ ಇವರನ್ನೇ ಕೇಳಿದೆ. ಪಗಾರ ಎಂದು ಒಂದು ಅಂಕಿ ಹೇಳಿದೆ. ಅವರು ಎರಡು ಪಟ್ಟು ಕೇಳುತ್ತಾರೆ, ನಡುವೆ ಎಲ್ಲೋ ನಿಲ್ಲೋಣ ಅಂತ ಲೆಕ್ಕ ಹಾಕಿದ್ದೆ. "ಆಗ್ಲಿ" ಅಂದುಬಿಟ್ಟರು. ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲೇ ಇಲ್ಲದ ಹಾಗಾಯಿತು.

"ಒಂದ ಮಾತು" ಅಂದರು. "ಮುಂಜಾನಿ ಐದರಿಂದ ಆರರ ತನಕ ನಿಮ್ಮ ಫೋನಿನ ಲೈನು ನನಗ ಬೇಕು. ಅದರ ಬಿಲ್ಲು ನಾ ಕಟ್ಟತೇನಿ."

"ಅಷ್ಟ ಹೊತ್ತಿನಾಗ ಯಾರ ಕೂಡ ಮಾತಾಡ್ತೀರಿ?"

"ಮಾತಾಡೂದಿಲ್ರಿ. ಇಳಿಸ್ಕೊತೇನಿ."

ಗುಲ್ಬರ್ಗಾಕ್ಕೆ ಇಂಟರ್ನೆಟ್ ಬಂದ ಹೊಸತು. ಅಲ್ಲಿಯ ನಂಬರಿಗೆ ಫೋನ್ ಹಚ್ಚಿ ಕಂಪ್ಯೂಟರಿಗೆ ಜೋಡಿಸಿದರೆ, ಕಿರ್ರ್ ಎಂದು ಒದರಿ, ಮನಸ್ಸಾದರೆ ಹತ್ತುತ್ತಿತ್ತು. ಏನು ಇಳಿಸಿಕೊಳ್ಳುತ್ತೀರಿ ಎಂದು ಕೇಳಿದರೆ ಮಾಸ್ತರರು ಉತ್ತರದ ಬದಲು ಪ್ರಶ್ನೆ ಕೇಳುತ್ತಿದ್ದರು. ಮೂವತ್ತು ವರ್ಷದ ಚಟ.

"ಮಾಲಕ್ರ, ಅಂಗಡ್ಯಾಗ ಸೈಕಲ್ ತೊಗೊಂಡ್ರ ಏನೇನ ಬರ್ತದರಿ?"

"ಎರಡ ಗಾಲಿ, ಹ್ಯಾಂಡಲ್, ಸೀಟು."

"ಕ್ಯಾರಿಯರ್? ಡೈನಮೊ? ಘಂಟಿ?"

"ಅವೆಲ್ಲಾ ಬ್ಯಾರೆ ಹಾಕಸ್ಬೇಕು."

"ಇದೂ ಹಂಗೇ ನೋಡ್ರಿ. ನಾವು ಅಕ್ಷರ ಬಡಿಯೋ ಈ ಎಡಿಟರ್ ಅದಲ್ರಿ, ಇದು ಬರೇ ಸೈಕಲ್. ಇದಕ್ಕ ಹಾಕೋ ಕ್ಯಾರಿಯರು, ಘಂಟಿ ಯಾರ್ಯಾರೋ ಎಲ್ಲೆಲ್ಲೋ ಕುಂತು ಮಾಡ್ಯಾರ. ಪ್ಯಾಕೇಜು ಅಂತಾರ. ಮಾಡಿ ಒಂದ ಕಡಿ ತುಂಬಿಟ್ಟಾರ. ಬೇಕಾದವ್ರು ಇಳಿಸ್ಕೊಂಡು ಜೋಡಸ್ಕೊಬೇಕು."

"ಎಷ್ಟಕ್ಕ?"

"ಪುಕ್ಕಟ."

ಹೇಳಿದವರು ವಿಭೂತಿ ಧರಿಸಿದ ಮಾಸ್ತರರಲ್ಲದಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಪುಕ್ಕಟೆ ಕೊಡುವವನು ಮುಂದೆ ಏನೋ ಮಾರುವವನಿರುತ್ತಾನೆ. ನಾನೇ ಟೈಪಿಂಗಿನ ಮೊದಲ ವಾರ ಪುಕ್ಕಟೆ ಕಲಿಸುತ್ತಿದ್ದೆನಲ್ಲ!

ಪ್ಯಾಕೇಜುಗಳನ್ನು ತುಂಬಿಟ್ಟ ಆ ಜಾಗಕ್ಕೆ ಇಂಗ್ಲಿಷಿನಲ್ಲಿ ಆರ್ಕೈವ್ ಎನ್ನುತ್ತಾರಂತೆ. ಮಾಸ್ತರರು ಅದನ್ನು ಹಗೇವು ಅನ್ನುತ್ತಿದ್ದರು. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಕುಣಿಯಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ ಇಡುತ್ತಿದ್ದರಲ್ಲ, ಆ ಹಗೇವು. "ಹಗೇವಿನ ಬಾಯಿ ತೆಗದ ಕೂಡ್ಲೆ ಇಳದವ ಮ್ಯಾಲ ಬರಂಗಿಲ್ಲ. ಒಳಗಿನ ಗಾಳಿ ಕೆಟ್ಟಿರ್ತದ. ಮೊದಲ ಕಂದೀಲು ಇಳಿಸಿ ನೋಡ್ಬೇಕು. ದೀಪ ಆರ್ಲಿಲ್ಲಂದ್ರ ಮನಷ್ಯಾ ಇಳೀಬೇಕು" ಎನ್ನುತ್ತಿದ್ದರು. ಪ್ರತಿ ಪ್ಯಾಕೇಜಿನ ಜೊತೆಗೂ 'ಮೊದಲು ನನ್ನನ್ನು ಓದಿ' ಎನ್ನುವ ಒಂದು ಬರಹ ಬರುತ್ತಿತ್ತು. ಅದೇ ಅವರ ಕಂದೀಲು. ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುವರು. ಮುಗಿದ ಮೇಲೆ ಮತ್ತೊಮ್ಮೆ ಓದುವರು. ಆಮೇಲೆಯೇ ಜೋಡಿಸುವ ಮಾತು.

"ನೀವು ಓದೂದ್ರಾಗ ನಾ ನಾಕ ಜೋಡಸ್ತಿದ್ದೆ" ಅಂದೆ ಒಮ್ಮೆ. ಅಂದವನು ಸುಮ್ಮನಿರಬೇಕಿತ್ತು. ಅವರು ಊಟಕ್ಕೆ ಹೋದಾಗ ಅವರ ಫ್ಲಾಪಿಯಿಂದ ಒಂದನ್ನು ಜೋಡಿಸಿಯೇಬಿಟ್ಟೆ. ಅದು ಇನ್ನೊಂದು ಪ್ಯಾಕೇಜು ಬೇಕೆಂದಿತು, ಕೊಟ್ಟೆ. ಇನ್ನೊಂದು ಮತ್ತೊಂದನ್ನು ಕೇಳಿತು. ಬೀಗರೊಬ್ಬರನ್ನು ಊಟಕ್ಕೆ ಕರೆದರೆ ಅವರು ಷಡ್ಡಕನನ್ನು ಕರೆತಂದು, ಷಡ್ಡಕ ತನ್ನ ಸೋದರಮಾವನನ್ನು ಕರೆತಂದ ಹಾಗೆ. ಎಲ್ಲರೂ ಕೂತ ಮೇಲೆ ನೋಡಿದರೆ, ಹೊಸ ಸಾಲಿಗೆ ಹೋಗುವ ಕೀಲಿ ಒತ್ತಿದಾಗೆಲ್ಲ ಬರೆದ ಸಾಲೇ ಅಳಿಸಿಹೋಗುತ್ತಿತ್ತು. ಒಬ್ಬ ರೈತನ ಎರಡು ಪುಟದ ಅರ್ಜಿಯಲ್ಲಿ ಕಡೆಗೆ ಉಳಿದದ್ದು 'ತಮ್ಮ ವಿಶ್ವಾಸಿ' ಒಂದೇ. ಮಾಸ್ತರರು ಬಂದು ಇಡೀ ಮಧ್ಯಾಹ್ನ ಕೂತು ಸರಿಮಾಡಿದರು. ಬೈಯಲಿಲ್ಲ. "ದೀಪ ಇಳಿಸ್ಲಿಲ್ಲೇನ್ರಿ?" ಎಂದಷ್ಟೇ ಕೇಳಿದರು.

ಇನ್ನು ನನ್ನ ಇನ್ನೊಂದು ಘನಕಾರ್ಯ. ಅಂಗಡಿಯ ಹಿಂದೆಯೇ ನನ್ನ ಮನೆ. ಅದೇ ಲೈನಿನ ಇನ್ನೊಂದು ಫೋನ್ ನಮ್ಮ ಪಡಸಾಲೆಯಲ್ಲಿತ್ತು. ಮಾತಾಡುವುದಿಲ್ಲ ಎನ್ನುವ ಮನುಷ್ಯ ಬೆಳಗಿನ ಐದಕ್ಕೆ ನಿಜವಾಗಿ ಏನು ಮಾಡುತ್ತಾನೆ ಎಂದು ತಿಳಿಯದೆ ನನಗೆ ಚಹಾ ರುಚಿಸುತ್ತಿರಲಿಲ್ಲ. ನನ್ನ ಕಂಪ್ಯೂಟರಿನ ಗುಟ್ಟನ್ನು ಗುಲ್ಬರ್ಗಾದ ಯಾರಿಗಾದರೂ ದಾಟಿಸುತ್ತಿದ್ದರೆ? ಮೆಲ್ಲಗೆ ಫೋನ್ ಎತ್ತಿ ಕಿವಿಗಿಟ್ಟೆ. ಕಿರ್ರ್ ಸಪ್ಪಳ. ಇಟ್ಟೆ. ಮರುದಿನ ಮತ್ತೆ ಎತ್ತಿದೆ.

"ಆ ಮನಷ್ಯಾ ಏನರೆ ಮಾಡ್ಕೊಳ್ಳಿ, ನಿಮಗ್ಯಾಕ ಉಸಾಬರಿ?" ಎಂದು ಹೆಂಡತಿ ಒಲೆಯ ಮುಂದಿನಿಂದ ಕೇಳಿದಳು.

"ವ್ಯವಹಾರ ನಿನಗ ತಿಳಿಯಂಗಿಲ್ಲ, ಸುಮ್ಮನಿರು" ಅಂದೆ.

ಎಂಟೊಂಬತ್ತು ದಿನ ಹೀಗೆ ನಡೆಯಿತು. ಆ ದಿನಗಳಲ್ಲಿ ಮಾಸ್ತರರು ಒಂದೇ ಪ್ಯಾಕೇಜಿನ ಹಿಂದೆ ಬಿದ್ದಿದ್ದರು. "ಮುಕ್ಕಾಲು ಇಳೀತದ, ಕಡದ ಹೋಗ್ತದ. ಮತ್ತ ಮೊದಲಿಂದ ಸುರು" ಎನ್ನುವರು. "ಆಳಂದದ ಲೈನೇ ಹಂಗರಿ" ಎಂದು ನಾನು ಸಮಾಧಾನ ಹೇಳುವೆ. ಒಂಬತ್ತನೆಯ ದಿನ ಟೆಲಿಫೋನ್ ರಿಪೇರಿಗೆ ಬಂದವನು ಹೇಳಿದ: ಒಂದೇ ಲೈನಿನ ಇನ್ನೊಂದು ಫೋನ್ ಎತ್ತಿದರೆ ಸಾಕಂತೆ, ಇಳಿಯುತ್ತಿರುವುದು ಕಡಿಯುತ್ತದಂತೆ. ನಾನು ಅವನಿಗೆ ಇನ್ನೊಂದು ಕಪ್ ಚಹಾ ಕೊಟ್ಟೆ. ಫೋನ್ ಎತ್ತುವುದನ್ನು ಬಿಟ್ಟೆ. ಮರುದಿನ ಪ್ಯಾಕೇಜು ಪೂರ್ತಿ ಇಳಿಯಿತು. ಮಾಸ್ತರರಿಗೆ ಮಾತ್ರ ಹೇಳಲಿಲ್ಲ.

ಆ ಪ್ಯಾಕೇಜೇ ಮುಂದೆ ನನ್ನ ಬೋರ್ಡು ಉಳಿಸಿತು. ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ಬೆಳೆಗಾರರ ಯಾದಿ ಟೈಪ್ ಮಾಡುವ ಕೆಲಸ ಸಿಕ್ಕಿತ್ತು, ತಾಲೂಕಿಗೊಂದರಂತೆ. ಆಳಂದದ ಯಾದಿಯನ್ನು ಹೆಸರು ಮೊದಲು, ಅಡ್ಡಹೆಸರು ಆಮೇಲೆ ಎಂದು ಟೈಪ್ ಮಾಡಿ ಮುಗಿಸಿದಾಗ, ಅಡ್ಡಹೆಸರು ಮೊದಲು ಬೇಕೆಂದು ಅವರು ತಿರುಗಿ ಕಳಿಸಿದರು. ಸಾವಿರಾರು ಸಾಲು. ನಮ್ಮ ಎಡಿಟರಿನಲ್ಲಿ ಅಡ್ಡ ಸಾಲು ಕತ್ತರಿಸಬಹುದಿತ್ತು, ನಿಲುವಾಗಿ ಒಂದು ಪಟ್ಟಿಯನ್ನು ಕತ್ತರಿಸಿ ಆಚೆ ಇಡಲು ಬರುತ್ತಿರಲಿಲ್ಲ. ನಾನು ಹಣೆ ಹಿಡಿದು ಕೂತೆ. ಮಾಸ್ತರರು ಪ್ಯಾಕೇಜು ಜೋಡಿಸಿ, ಅಡ್ಡಹೆಸರುಗಳ ಪಟ್ಟಿಯನ್ನು ಮೇಲಿಂದ ಕೆಳತನಕ ಸೀರೆಯ ಅಂಚು ಬಿಚ್ಚಿದಂತೆ ಬಿಚ್ಚಿ ಎಡಕ್ಕೆ ಅಂಟಿಸಿದರು. ಎರಡು ದಿನದಲ್ಲಿ ಯಾದಿ ಹೋಯಿತು. ಮುಂದಿನ ಅಫಜಲಪುರದ ಯಾದಿಯೂ ನಮಗೇ ಬಂತು.

"ಇದನ್ನ ಮಾಡಿದವ ಒಂದ ಕರಾರು ಹಾಕ್ಯಾನ ನೋಡ್ರಿ" ಅಂದರು ಮಾಸ್ತರರು. 'ಮೊದಲು ಓದಿ' ಬರಹದ ಕೊನೆಯಲ್ಲಿ ಹೀಗಿತ್ತಂತೆ: ಇದು ಪುಕ್ಕಟೆ, ನಿಮಗೆ ಉಪಯೋಗವಾದರೆ, ನೀವು ಇದನ್ನು ಬಳಸುವ ಜಾಗದ್ದೊಂದು ಚಿತ್ರದ ಕಾರ್ಡನ್ನು ನನಗೆ ಕಳಿಸಿ. ಕೆಳಗೆ ಯಾವುದೋ ಚಳಿದೇಶದ ವಿಳಾಸ.

"ಕಳಿಸ್ಲಿಲ್ಲಂದ್ರ ಏನಾಗ್ತದ?"

"ಏನೂ ಆಗಂಗಿಲ್ಲ."

"ಮತ್ತ ಬಿಡ್ರಿ."

"ಏನೂ ಆಗಂಗಿಲ್ಲ ಅಂತ್ಲೇ ಕಳಿಸ್ಬೇಕ್ರಿ."

ನಾನೇ ಕಳಿಸುತ್ತೇನೆ ಎಂದು ವಿಳಾಸ ಬರೆದುಕೊಂಡೆ. ಆಳಂದದ ಚಿತ್ರವಿರುವ ಕಾರ್ಡನ್ನು ಜಗತ್ತಿನಲ್ಲಿ ಯಾರೂ ಛಾಪಿಸಿರಲಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಗೋಳಗುಮ್ಮಟದ ಒಂದು ಕಾರ್ಡು ಬಿದ್ದಿತ್ತು. ಮೂಲೆಯನ್ನು ಇಲಿ ಕಡಿದಿದ್ದರಿಂದ ರೇಟು ಇಳಿಸಿದೆ. ವಿದೇಶಕ್ಕೆ ಹತ್ತುವ ಅಂಚೆಯ ದರ ಕೇಳಿ ನನ್ನ ಜೀವ ಒಪ್ಪಲಿಲ್ಲ. ಅಂಗೈಯಷ್ಟು ಕಾಗದಕ್ಕೆ ಅಷ್ಟೇ? ಊರೊಳಗೆ ಕಳಿಸುವ ಸ್ಟಾಂಪು ಹಚ್ಚಿ, ಹೋದಷ್ಟು ದೂರ ಹೋಗಲಿ ಎಂದು ಡಬ್ಬಿಗೆ ಹಾಕಿದೆ. ಹಿಂದೆ ಇನ್‌ಸ್ಟಿಟ್ಯೂಟಿನ ರಬ್ಬರ್ ಸಿಕ್ಕಾ ಬೇರೆ ಒತ್ತಿದ್ದೆ, ಜಾಹೀರಾತು ಆಗಲಿ ಅಂತ.

"ಕಳಿಸಿದ್ರೇನ್ರಿ?" ಎಂದು ಮಾಸ್ತರರು ಕೇಳಿದರು.

"ಹೋತ್ರಿ."

"ಯಾವ ಚಿತ್ರ?"

"ನಮ್ಮ ಕಡೀದೇ."

ಕಾರ್ಡು ಮುಂಬೈ ತನಕ ಹೋಗಿ, ಅಂಚೆ ಸಾಲದೆಂಬ ಷರಾ ಹೊತ್ತುಕೊಂಡು ತಿರುಗಿ ಬಂತು. ದಾರಿ ತೋರಿಸಲು ನನ್ನ ಸಿಕ್ಕಾ ಇತ್ತಲ್ಲ. ಗುರುವಾರ ಪೋಸ್ಟ್‌ಮನ್ ಅದನ್ನು ತಂದು ಕೊಟ್ಟದ್ದು ಮಾಸ್ತರರ ಕೈಗೆ. ಆ ಹೊತ್ತಿಗೆ ಅಫಜಲಪುರದ ಯಾದಿ ಅರ್ಧ ಆಗಿತ್ತು. ಅದರಲ್ಲೂ ಪಟ್ಟಿ ಕತ್ತರಿಸಿ ಅಂಟಿಸುವ ಕೆಲಸ ಆ ಪ್ಯಾಕೇಜಿನದೇ. ಸೋಮವಾರ ಮುಟ್ಟಬೇಕು, ಇಲ್ಲದಿದ್ದರೆ ಪೂರ್ತಿ ಕೆಲಸ ಗುಲ್ಬರ್ಗಾದವರ ಪಾಲು ಎಂದು ಕಾರ್ಖಾನೆಯವರು ಹೇಳಿದ್ದರು. ಕೆಲಸ ಹೋದರೆ ಇನ್‌ಸ್ಟಿಟ್ಯೂಟ್ ನಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮಾಸ್ತರರು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, ಗುಮ್ಮಟದ ಮೇಲೆ ಬೆರಳಿಟ್ಟರು.

"ನಾವು ಇದರೊಳಗ ಕುಂತು ಟೈಪ್ ಮಾಡಾಕತ್ತೇವಿ ಅಂತ ತಿಳ್ಕೊತಿದ್ದ ಪಾಪ, ಆ ಮನಷ್ಯಾ."

ಆಮೇಲೆ ಮೂರೂ ಕಂಪ್ಯೂಟರಿನ ಮುಂದೆ ಒಂದೊಂದಾಗಿ ಕೂತು ಆ ಪ್ಯಾಕೇಜನ್ನು ತೆಗೆದುಹಾಕಿದರು. ನಾನು ಪಗಾರ ಏರಿಸುತ್ತೇನೆ ಅಂದೆ. ಕೇಳಲಿಲ್ಲ. ದನಿ ಏರಿಸಿದೆ. ಅದನ್ನೂ ಕೇಳಲಿಲ್ಲ.

"ಅವ ಕೇಳಿದ್ದು ಒಂದ ಕಾರ್ಡು. ಅದನ್ನೂ ಕೊಡದ ಇಟ್ಕೊಂಡ್ರ ಅದು ಪುಕ್ಕಟ ಬಂದದ್ದಲ್ರಿ, ಕದ್ದದ್ದು. ಕದ್ದದ್ರಾಗ ನಾ ಕೆಲಸ ಮಾಡಂಗಿಲ್ಲ."

"ಸೋಮವಾರ ಯಾದಿ ಮುಟ್ಲಿಲ್ಲಂದ್ರ ಈ ಬೋರ್ಡು ಇಳೀತದ ಮಾಸ್ತರ! ಮೂರೂ ಊರಿಂದು!"

"ಇಳೀಲಿ ಬಿಡ್ರಿ. ಅದರಾಗ ಒಂದೂರು ಏರಿದ್ದೇ ಇಲ್ಲ."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ತಿರುಗಿ ಅಂದರು: "ನಮ್ಮ ಜಾಗದ್ದು ಖರೇ ಕಾರ್ಡು ಹೋಗ್ಲಿ. ಹೋದ ತಾಸಿನಾಗ ಜೋಡಸ್ತೇನಿ."

ಶುಕ್ರವಾರ ಫೋಟೋ ಸ್ಟುಡಿಯೋದ ಚಾಚಾನನ್ನು ಕರೆತಂದೆ. ಊರಿನಲ್ಲಿ ದರ್ಗಾ ಇದೆ, ಗುಡಿ ಇದೆ, ಅವನ್ನೇ ತೆಗೆಸೋಣ ಅಂದೆ. "ಪ್ಯಾಕೇಜು ಬಳಸೂದು ಅಲ್ಲೇನ್ರಿ?" ಅಂದರು ಮಾಸ್ತರರು. ಸರಿ, ಇನ್‌ಸ್ಟಿಟ್ಯೂಟಿನ ಮುಂಭಾಗವೇ ಆಗಲಿ ಎಂದಾಯಿತು. ಚಾಚಾನ ಸ್ಟುಡಿಯೋದಲ್ಲಿ ಮದುಮಕ್ಕಳಿಗೆ ಕೊಡುವ ಕರೀ ಕೋಟು ಇತ್ತು. ಅದನ್ನು ತರಿಸಿ ಹಾಕಿಕೊಂಡೆ. ಗುಂಡಿ ಕೂಡಲಿಲ್ಲ, ಕೈ ಕಟ್ಟಿ ಮುಚ್ಚಿಕೊಂಡು ನಡುವೆ ನಿಂತೆ.

"ಮಾಸ್ತರ, ಜರಾ ಆ ಕಡಿ ಸರೀರಿ. ಬೋರ್ಡು ಮುಚ್ಚಾಕತ್ತದ" ಅಂದೆ. ಅವರು ಸರಿದರು.

"ಬೋರ್ಡು ಮುಚ್ಚೋರು ನೀವೇ ಇದ್ದೀರಿ ಮಾಲಕ್ ಸಾಬ್" ಎಂದು ಚಾಚಾ ಕರೀ ಬಟ್ಟೆಯೊಳಗಿನಿಂದ ಕೂಗಿದ. ನಾನು ಕೇಳದವನಂತೆ ಇನ್ನೊಮ್ಮೆ "ಇನ್ನ ಜರಾ, ಮಾಸ್ತರ" ಅಂದೆ. ಅವರು ಇನ್ನೂ ಸರಿದರು. ಹೀಗೆ ಸರಿದು ಸರಿದು ಚಿತ್ರದಿಂದಲೇ ಹೊರಗೆ ಹೋದರು. ಚಿತ್ರದಲ್ಲಿ ಉಳಿದದ್ದು ನಾನು, ನನ್ನ ಹಿಂದೆ ಮುಕ್ಕಾಲು ಮುಚ್ಚಿದ ಬೋರ್ಡು, ಪಕ್ಕದಲ್ಲಿ ಗೋಡೆಗೆ ಆನಿಸಿದ್ದ ಅವರ ಸೈಕಲ್.

ಬೇಕಾದದ್ದು ಒಂದು ಪ್ರತಿ. ಡಜನ್ ತೆಗೆದುಕೊಂಡರೆ ಒಂದೊಂದಕ್ಕೆ ಕಮ್ಮಿ ಬೀಳುತ್ತದೆ ಎಂದು ಚಾಚಾ ಅಂದ. ಅಷ್ಟು ಸಾಕಾಯಿತು, ಡಜನ್ ಮಾಡಿಸಿದೆ. ನಿಮಗೆ ಇನ್ನೊಂದು ಮಾತು ಹೇಳುತ್ತೇನೆ: ಒಂದು ಬೇಕಾದಾಗ ಹನ್ನೆರಡು ಕೊಳ್ಳುವವನು ಜಾಣನಲ್ಲ, ಜಾಣನೆಂದು ತಿಳಿದುಕೊಂಡವನು. ಶನಿವಾರ ಮುಂಜಾನೆ ಕಾರ್ಡು ಬಂದವು. ಅಂಚೆ ಕಚೇರಿಗೆ ಮಾಸ್ತರರೇ ಹೋದರು. ಪೂರ್ತಿ ದರದ ಸ್ಟಾಂಪು ಹಚ್ಚಿ ಹಾಕಿ ಬಂದರು. ಬಂದವರು ಮತ್ತೆ 'ಮೊದಲು ಓದಿ' ತೆಗೆದು ಮೇಲಿಂದ ಓದಲು ಕೂತರು. ನಾನು ಗಡಿಯಾರ ನೋಡುತ್ತ ಒದ್ದಾಡಿದೆ. ಓದಿದರು, ಜೋಡಿಸಿದರು. ಸೋಮವಾರ ಯಾದಿ ಹೋಯಿತು. ಬೋರ್ಡು ಉಳಿಯಿತು.

ಉಳಿದ ಹನ್ನೊಂದು ಕಾರ್ಡನ್ನು ಮಾಸ್ತರರು ಕೇಳಿ ಪಡೆದರು. ಯಾಕೆಂದು ನಾನು ಕೇಳಲಿಲ್ಲ. ನನ್ನ ಫೋಟೋ ಅಲ್ಲವೇ, ಅಭಿಮಾನ ಇರಬೇಕು ಅಂದುಕೊಂಡೆ.

ಎರಡು ತಿಂಗಳ ಮೇಲೆ ಹಿಮದೊಳಗಿನ ಮರದ ಮನೆಯ ಚಿತ್ರವಿದ್ದ ಒಂದು ಕಾರ್ಡು ಆ ಚಳಿದೇಶದಿಂದ ಬಂತು. ಮಾಸ್ತರರು ಓದಿ ಕನ್ನಡದಲ್ಲಿ ಹೇಳಿದರು: "ಕಾರ್ಡು ಮುಟ್ಟಿತು. ಭಾಳ ಖುಷಿ ಆತು. ಸೈಕಲ್ ಭಾಳ ಚೆಂದ ಅದ, ನಮ್ಮ ಅಜ್ಜನ ಹತ್ರಾನೂ ಇಂಥದೇ ಇತ್ತು."

"ನನ್ನ ಬಗ್ಗೆ?"

ಅವರು ಕಾರ್ಡನ್ನು ತಿರುಗಿಸಿ ಎರಡೂ ಬದಿ ನೋಡಿದರು. "ಜಾಗಾ ಸಾಲಿಲ್ಲ ಕಾಣ್ತದ್ರಿ" ಅಂದರು.

ಕೆಲವು ವರ್ಷದ ಮೇಲೆ ಮೊಣಕಾಲು ನೋವು ಹೆಚ್ಚಾಗಿ ಮಣ್ಣೂರಿಗೆ ಹೋದರು. ಹೋದ ಮೊದಲ ತಿಂಗಳಲ್ಲೇ ಅಂಚೆಯಲ್ಲಿ ಅದೇ ಫೋಟೋ ಕಾರ್ಡು ನನಗೊಂದು ಬಂತು. ಕೋಟು ಹಾಕಿದ ನನ್ನನ್ನು ನೋಡಿ ನನಗೇ ಹಿಗ್ಗಾಯಿತು. ಮೇಜಿನ ಗಾಜಿನ ಕೆಳಗೆ ಮುಖ ಮೇಲಾಗಿ ಇಟ್ಟೆ. ಬಂದವರಿಗೆಲ್ಲ ತೋರಿಸಿದೆ.

ಮಣ್ಣೂರಿನಲ್ಲಿ ಮಣ್ಣು ಕೊಟ್ಟು ಎಲ್ಲ ಮುಗಿದ ಮೇಲೆ ಅವರ ಮಗಳು ಒಂದು ತಗಡಿನ ಡಬ್ಬಿ ತಂದು ಮುಂದಿಟ್ಟಳು. ತುಂಬ ಕಾರ್ಡು. ಕಾಲುವೆ, ಗಡಿಯಾರದ ಗೋಪುರ, ಮಂಜಿನ ಬೆಟ್ಟ, ಒಂದರಲ್ಲಿ ಬರೀ ಒಂದು ಹಸು.

"ಯಾವ್ಯಾವ ಪ್ಯಾಕೇಜು ಬಳಸಿದ್ರೋ ಅವನ್ನ ಮಾಡಿದವ್ರಿಗೆಲ್ಲ, ಕೇಳಿದವ್ರಿಗೂ ಕೇಳದವ್ರಿಗೂ ನಿಮ್ಮ ಫೋಟೋದ್ದು ಒಂದೊಂದು ಕಾರ್ಡು ಕಳಿಸ್ಯಾರ್ರೀ ಕಾಕಾ. ಹನ್ನೊಂದು ಮಂದಿಗಿ. ಅವರು ತಿರುಗಿ ಕಳಿಸಿದ್ದು ಇವು. ಹನ್ನೆರಡ್ನೇದು ನಿಮಗ ಅಂತಿದ್ರು. ಅದರ ಹಿಂದ ಏನ್ ಬರದಿದ್ರು? ನಮಗ ಹೇಳ್ಲೇ ಇಲ್ಲ."

ಹಿಂದೆ ಬರೆದಿದ್ದರು ಎನ್ನುವುದೇ ನನಗೆ ಆಗ ತಿಳಿದದ್ದು.

"ಶರಣು ಅಂತ ಬರದಿದ್ರವ್ವಾ" ಅಂದೆ.

ಬರುವಾಗ ಜೀಪಿನವನು ಇನ್ನೂ ಇಬ್ಬರನ್ನು ಹೆಚ್ಚಿಗೆ ಹತ್ತಿಸಿಕೊಂಡ. ನಾನು ಸರಿದು ಜಾಗ ಬಿಟ್ಟೆ. ಮನೆಗೆ ಬಂದವನೇ ಮೇಜಿನ ಗಾಜು ಎತ್ತಿದೆ. ವರ್ಷಗಟ್ಟಲೆ ಚಹಾ ಚೆಲ್ಲಿ ಕಾರ್ಡು ಗಾಜಿಗೆ ಅಂಟಿತ್ತು. ಮೆಲ್ಲಗೆ ಕಿತ್ತರೂ ನನ್ನ ಮುಖ, ಕೋಟು, ಬೋರ್ಡು ಗಾಜಿಗೇ ಉಳಿದವು. ಕಾರ್ಡಿನ ಮೇಲೆ ಬಂದದ್ದು ಸೈಕಲ್ ಒಂದೇ. ತಿರುಗಿಸಿದೆ. ಶಾಲೆಯ ಕರಿಹಲಗೆಯ ಮೇಲೆ ಖಡು ಹಿಡಿದು ಬರೆದಂಥ ದುಂಡು ಅಕ್ಷರ.

'ಮಾಲಕರಿಗೆ ಶರಣು. ನಿಮ್ಮ ಫೋನಿನ ಲೈನು ಬಳಸಿದ್ದೇನೆ. ಅದಿಲ್ಲದೆ ಯಾವ ಪ್ಯಾಕೇಜೂ ಇಳಿಯುತ್ತಿರಲಿಲ್ಲ. ನಮ್ಮ ಜಾಗದ ಚಿತ್ರ ನಿಮಗೂ ಸಲ್ಲಬೇಕು, ಕಳಿಸಿದ್ದೇನೆ. ಮೊದಮೊದಲು ಒಂಬತ್ತು ಮುಂಜಾನೆ ನೀವು ಒಳಗಿನ ಫೋನ್ ಎತ್ತಿದಿರಿ. ಲೈನು ಕಡಿಯುತ್ತಿತ್ತು. ನನಗೆ ಬೇಸರವಿಲ್ಲ. ನೀವೂ ದೀಪ ಇಳಿಸಿ ನೋಡುತ್ತಿದ್ದೀರಿ ಎಂದುಕೊಂಡೆ. ಹತ್ತನೆಯ ದಿನ ಎತ್ತಲಿಲ್ಲ. ದೀಪ ಆರಲಿಲ್ಲವೆಂದು ತಿಳಿದು ಸಂತೋಷವಾಯಿತು.'

ಪೂರ್ತಿ ಓದಿ, ಮತ್ತೆ ಮೇಲಿಂದ ಬೆರಳಿಟ್ಟು ಸುರುಮಾಡಿದೆ.

"ಏನ್ರಿ ಅದು? ಅವಾಗಿಂದ ಹಂಗ ಕುಂತೀರಿ, ಕೈಕಾಲು ತೊಳಕೊಂಡಿಲ್ಲ, ಊಟಕ್ಕ ಏಳ್ತೀರಿಲ್ಲೋ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ತಡಿ" ಅಂದೆ. "ಓದಾಕತ್ತೇನಿ."